ಊರನ್ನು ಕೇಳಿ ಬರುತ್ತೇನೆ

ಹ್ಯೂಸ್ಟನ್
11 ಜೂನ್ 2017

ಪ್ರಿಯ ಸಿದ್ರಾಮಪ್ಪನವರೇ,

ಇಮೇಲ್ ಇರುವಾಗ ಈ ಮನುಷ್ಯ ಅಂಚೆಚೀಟಿ ಹಚ್ಚಿಕೊಂಡು ಯಾಕೆ ಕೂತಿದ್ದಾನೆ ಎಂದು ನಗಬೇಡಿ. ಹೋದ ಸಲ ನಿಮಗೊಬ್ಬರಿಗೇ ಎಂದು ಬರೆದ ಇಮೇಲನ್ನು ನೀವು ಡಲ್ಲಾಸಿನ ಅಷ್ಟೂ ಮನೆಗಳಿಗೆ ಫಾರ್ವರ್ಡ್ ಮಾಡಿದಿರಿ. ಕಾಗದವನ್ನು ಹಾಗೆ ಹಂಚಬೇಕಾದರೆ ಕುರ್ಚಿ ಬಿಟ್ಟು ಏಳಬೇಕಾಗುತ್ತದೆ. ಅಷ್ಟು ಕಷ್ಟಪಡಲಾರಿರಿ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಕಳೆದ ವಾರ ಆಸ್ಟಿನ್‌ನ ಸಭೆಯಲ್ಲಿ ದೀಪಾವಳಿ ಕಾರ್ಯಕ್ರಮದ ಹಾಲ್ ವಿಷಯ ಬಂದಾಗ ನಾನು ಎಂದಿನಂತೆ "ಊರನ್ನು ಕೇಳಿ ಬರುತ್ತೇನೆ" ಎಂದೆ. ನೀವು ಎಲ್ಲರೆದುರು ಕೈ ಮುಗಿದು, "ಯಪ್ಪಾ, ಒಂದ್ ಹಾಲ್ ಬುಕ್ ಮಾಡಾಕ ಹ್ಯೂಸ್ಟನ್ ಮಂದೀನೆಲ್ಲಾ ಕೇಳ್ಬೇಕೇನ್ರಿ?" ಎಂದಿರಿ. ಎಲ್ಲರೂ ನಕ್ಕರು. ಆಸ್ಟಿನ್‌ನ ಪ್ರತಿನಿಧಿ ಚಂದ್ರಪ್ರಭಾ ಡಾಕ್ಟರೂ ನಕ್ಕರು. ನಮ್ಮಿಬ್ಬರ ಜೊತೆ ಸೇರಿ ಈ ತ್ರಿನಗರ ಕನ್ನಡ ಕೂಟವನ್ನು ಕಟ್ಟಿದವರು ಅವರು; ಅವರಾದರೂ ನಗಬಾರದಿತ್ತು.

ಆ ನಿಯಮವನ್ನು ನಾನು ಹುಚ್ಚಿಗೆ ಬರೆದದ್ದಲ್ಲ. ಮೂರು ಊರು, ಮೂವರು ಪ್ರತಿನಿಧಿಗಳು. ತನ್ನ ಊರಿನ ಮನೆಗಳನ್ನು ಕೇಳದೆ ಯಾವ ಪ್ರತಿನಿಧಿಯೂ ಹೂಂ ಅನ್ನುವಂತಿಲ್ಲ, ಊರು ಹೇಳಿದ್ದನ್ನು ಬಿಟ್ಟು ತನ್ನದನ್ನು ಹೇಳುವಂತಿಲ್ಲ. ಮೂರೂ ಊರು ಒಪ್ಪದೆ ನಿಯಮ ಬದಲಾಗುವಂತಿಲ್ಲ. ಅಧ್ಯಕ್ಷಗಿರಿ ವರ್ಷಕ್ಕೊಂದು ಊರಿಗೆ, ಒಂದು ಮನೆಗೆ ಒಮ್ಮೆ ಮಾತ್ರ. ಇದೆಲ್ಲ ಡಚ್ಚರಿಂದ ಕದ್ದದ್ದು. ಕಂಪನಿ ನನ್ನನ್ನು ಅವರ ಹೇಗ್ ಪಟ್ಟಣದಲ್ಲಿ ಇಟ್ಟಿದ್ದ ಕಾಲದಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರೊಬ್ಬರು ಸಂಜೆ ವಾಕಿಂಗ್ ಹೋಗುತ್ತಾ ಕಲಿಸಿದ್ದು. ಅವರ ಹಳೆಯ ಗಣರಾಜ್ಯದಲ್ಲಿ ಏಳು ಪ್ರಾಂತ್ಯಗಳಿದ್ದವು. ಪ್ರತಿನಿಧಿಗಳು ಸಭೆಗೆ ಬಂದು, ವಿಷಯ ತಿಳಿದುಕೊಂಡು, ಊರಿಗೆ ಹೋಗಿ ಕೇಳಿ, ಮತ್ತೆ ಬರುತ್ತಿದ್ದರು. ಸುತ್ತಲಿನ ರಾಜರು ಅದನ್ನು ನೋಡಿ ನಿಮ್ಮ ಹಾಗೆಯೇ ನಗುತ್ತಿದ್ದರಂತೆ.

ಸುಮಿತ್ರವ್ವನವರಿಗೆ ನಮಸ್ಕಾರ. ಶೇಂಗಾ ಚಟ್ನಿಪುಡಿ ಮುಗಿದಿದೆ ಎಂದು ನಿಮಗೆ ಬರೆಯಲು ನನ್ನ ಹೆಂಡತಿ ಗೋದಾವರಿ ಹೇಳಿದ್ದಾಳೆ.

ನಿಮ್ಮ,
ಶ್ರೀನಾಥ


ಡಲ್ಲಾಸ್
2 ಜುಲೈ 2017

ಶ್ರೀನಾಥರಿಗೆ ಸಿದ್ರಾಮಪ್ಪನ ಶರಣು.

ನಿಮ್ಮ ಕಾಗದವನ್ನು ಯಾರಿಗೂ ತೋರಿಸಿಲ್ಲ. ಸುಮಿತ್ರಾಗೆ ಮಾತ್ರ ಓದಿ ಹೇಳಿದೆ. ಹೆಂಡತಿಗೆ ಓದಿ ಹೇಳುವುದು ಫಾರ್ವರ್ಡ್ ಅಲ್ಲ ಎಂದುಕೊಂಡಿದ್ದೇನೆ. ನಿಮ್ಮ ನಿಯಮದಲ್ಲಿ ಹೇಗಿದೆಯೋ ಗೊತ್ತಿಲ್ಲ.

ನಾನು ವಿಜಯಪುರದ ಖಾನಾವಳಿ ಮನೆತನದವನು, ಇಲ್ಲಿ ಹೆದ್ದಾರಿ ಪಕ್ಕ ನಾಲ್ಕು ಕೋಣೆಯ ಹೋಟೆಲಿನಿಂದ ಶುರು ಮಾಡಿದವನು. ನನಗೆ ತಿಳಿದದ್ದು ಅಡುಗೆಮನೆ. ಅಲ್ಲಿ ಉಪ್ಪು ಎಷ್ಟು ಎಂದು ಒಬ್ಬನೇ ಹೇಳಬೇಕು. ಮೂರು ಮಂದಿ ಊರೆಲ್ಲ ಕೇಳಿಕೊಂಡು ಬಂದು ಉಪ್ಪು ಹಾಕಿದರೆ ಆ ಸಾರನ್ನು ನೀವೂ ಉಣ್ಣುವುದಿಲ್ಲ.

ಇನ್ನೊಂದು ಮಾತು. ಮಗ ಶ್ರೀಶೈಲ್ ಫೋನಿನಲ್ಲಿ ನೋಡಿ ಹೇಳಿದ, ಆ ಡಚ್ಚರ ದೇಶದಲ್ಲಿ ಈಗ ರಾಜ ಇದ್ದಾನಂತೆ! ನಿಮ್ಮ ಗಣರಾಜ್ಯ ಎಲ್ಲಿ ಹೋಯಿತು ಶ್ರೀನಾಥ್? ಊರು ಕೇಳಿ ಬರಲು ಹೋದದ್ದು ವಾಪಸ್ ಬರಲೇ ಇಲ್ಲವೇ?

ಚಟ್ನಿಪುಡಿ ಕಳಿಸಿದ್ದೇನೆ. ಗೋದಾವರಿ ತಂಗಿಗೆ ನಮಸ್ಕಾರ.

ನಿಮ್ಮವ,
ಸಿದ್ರಾಮಪ್ಪ


ಹ್ಯೂಸ್ಟನ್
22 ಅಕ್ಟೋಬರ್ 2017

ಪ್ರಿಯ ಸಿದ್ರಾಮಪ್ಪನವರೇ,

ನಿಮ್ಮ ಮನೆಯಿಂದ ಬಂದ ಮೇಲೆ ಬರೆಯಲು ಕೂತದ್ದು ಇವತ್ತೇ. ಸದ್ಯ ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ನೀರು ಕುಡಿದ ನಮ್ಮ ಮನೆಯ ಗೋಡೆಗಳನ್ನು ನೆಲದಿಂದ ಎದೆಮಟ್ಟದವರೆಗೆ ಕತ್ತರಿಸಿ ತೆಗೆದಿದ್ದಾರೆ. ಹಾಲ್‌ನಲ್ಲಿ ಬಗ್ಗಿದರೆ ಅಡುಗೆಮನೆಯಲ್ಲಿ ನಿಂತ ಗೋದಾವರಿಯ ಕಾಲು ಕಾಣುತ್ತದೆ. ಆಗಸ್ಟಿನ ಚಂಡಮಾರುತದ ಮಳೆ ಇನ್ನೇನು ನಿಲ್ಲುತ್ತದೆ ಎನ್ನುವಾಗ ಜಲಾಶಯದ ನೀರು ಬಿಟ್ಟರಲ್ಲ, ತೈಲ ಕಂಪನಿಗಳಿರುವ ನಮ್ಮ ಎನರ್ಜಿ ಕಾರಿಡಾರ್ ಸುತ್ತಿನ ಎಷ್ಟೋ ಮನೆಗಳದು ಇದೇ ಗತಿ. ಪೇಟೆ ಉಳಿಯಲೆಂದು ನಮ್ಮನ್ನು ಮುಳುಗಿಸಿದರು. ನಮ್ಮನ್ನು ಯಾರೂ ಕೇಳಿ ಬರಲಿಲ್ಲ.

ಬೀದಿಯ ತುದಿಯಲ್ಲಿ ಮೀನು ಹಿಡಿಯುವ ದೋಣಿಯ ಮೇಲೆ ನಿಂತು, "ಶ್ರೀನಾಥ್, ಊರು ಕೇಳೇ ಬಂದೀನ್ರಿ, ಹತ್ರಿ ಲಗೂನ!" ಎಂದು ನೀವು ಕೂಗಿದ್ದು ಕಿವಿಯಲ್ಲಿ ಹಾಗೇ ಇದೆ. ಆಪರೇಷನ್ ಆದ ಮೊಣಕಾಲಿನ ನನ್ನನ್ನು ಈ ವಯಸ್ಸಿನಲ್ಲಿ ನೀವು ಬೆನ್ನ ಮೇಲೆ ಹೊತ್ತಿರಿ. ನಮ್ಮಂಥ ಎಷ್ಟು ಮನೆಯವರನ್ನು ನಿಮ್ಮ ಹೋಟೆಲುಗಳಲ್ಲಿ ಇಟ್ಟುಕೊಂಡಿರಿ. ನಮ್ಮಿಬ್ಬರನ್ನಂತೂ ಹೋಟೆಲಿಗೂ ಬಿಡದೆ ಮನೆಗೇ ಕರೆದೊಯ್ದಿರಿ. ಸುಮಿತ್ರವ್ವ ದಿನಾ ಬಿಸಿ ರೊಟ್ಟಿ ಬಡಿದು ಹಾಕಿದರು. ಇದನ್ನು ನಾವು ಸಾಯುವವರೆಗೆ ಮರೆಯುವುದಿಲ್ಲ.

ಒಂದು ವಿಷಯ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿದ್ದಾಗ ನಾನು ಫ್ಯಾನ್ ಹಾಕುವ ಮೊದಲೂ ನಿಮ್ಮ ಮುಖ ನೋಡುತ್ತಿದ್ದೆ. ನೀವು ಯಾವತ್ತೂ ಬೇಡ ಎಂದವರಲ್ಲ. ಆದರೂ ನೋಡುತ್ತಿದ್ದೆ. ಊಟಕ್ಕೆ ಕೂತಾಗ ನೀವು ಏನು ಹೇಳಿದರೂ ಹೂಂ ಎಂದೆ. ಜಗಳವಾಡದೆ ನನ್ನ ನಾಲಿಗೆ ತುಕ್ಕು ಹಿಡಿದಿದೆ. ಮನೆ ರಿಪೇರಿಯಾದ ಮೇಲೆ ನೀವು ಬರಬೇಕು, ಹೊಟ್ಟೆ ತುಂಬ ಜಗಳವಾಡಬೇಕು.

ಋಣಿ,
ಶ್ರೀನಾಥ


ಡಲ್ಲಾಸ್
12 ನವೆಂಬರ್ 2017

ಶ್ರೀನಾಥರಿಗೆ ಶರಣು.

ಋಣಿ ಎಂದು ಬರೆದರೆ ಕಾಗದ ವಾಪಸ್ ಕಳಿಸುತ್ತೇನೆ. ಬೇರೆಯವರಿಗೆ ಮಾಡಿದ್ದೇನಾ?

ಮೊನ್ನೆಯ ದೀಪಾವಳಿ ಕಾರ್ಯಕ್ರಮಕ್ಕೆ ನೀವು ಬರಲಿಲ್ಲ, ಗೋಡೆ ಕೆಲಸದವನು ಬರುವ ದಿನ ಎಂದಿರಿ. ಬಂದಿದ್ದರೆ ನೋಡುತ್ತಿದ್ದಿರಿ. ನಿಮ್ಮ ಹ್ಯೂಸ್ಟನ್‌ನ ಹುಡುಗಿ ತನ್ವಿ, ಕೈಗೂಸಿನ ಜೊತೆ ನನ್ನ ಹೋಟೆಲಿನಲ್ಲಿದ್ದಳಲ್ಲ, ಅವಳು ಮೈಕ್ ತೆಗೆದುಕೊಂಡು, "ಸಿದ್ರಾಮಪ್ಪ ಅಂಕಲ್ ಇರೋವರೆಗೂ ಅವರೇ ಪ್ರೆಸಿಡೆಂಟ್ ಆಗಿರ್ಲಿ" ಎಂದಳು. ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಸರದಿ ಬೇಡವಂತೆ, ಆಜೀವ ಅಧ್ಯಕ್ಷನಂತೆ, ನನ್ನ ನಂತರ ಯಾರು ಎನ್ನುವುದನ್ನೂ ನಾನೇ ಹೇಳಬೇಕಂತೆ. ನಾನು ಬೇಡ ಎಂದೆ. ಮತ್ತೊಮ್ಮೆಯೂ ಬೇಡ ಎಂದೆ. ಆಮೇಲೆ ಸುಮ್ಮನಾದೆ.

ಡಲ್ಲಾಸ್ ಒಪ್ಪಿದೆ. ನೀರಲ್ಲಿ ಮುಳುಗಿದವರು ಹ್ಯೂಸ್ಟನ್‌ನವರು, ಅವರು ಹೇಳಿದಂತೆ ಆಗಲಿ ಎಂದು ಆಸ್ಟಿನ್‌ನವರು ಹೇಳಿದ್ದಾರಂತೆ. ಚಂದ್ರಪ್ರಭಾ ಡಾಕ್ಟರು ಫೋನ್ ಮಾಡಿದ್ದರು. ಉಳಿದದ್ದು ನಿಮ್ಮ ಊರು. ಜನವರಿ ಕೊನೆಗೆ ಇಲ್ಲಿ ಗಣರಾಜ್ಯೋತ್ಸವ ಇಟ್ಟುಕೊಂಡಿದ್ದೇವೆ. ಅಷ್ಟರೊಳಗೆ ಕೇಳಿ ಬನ್ನಿ.

ನಿಮ್ಮವ,
ಸಿದ್ರಾಮಪ್ಪ


ಹ್ಯೂಸ್ಟನ್
26 ನವೆಂಬರ್ 2017

ಸಿದ್ರಾಮಪ್ಪನವರೇ,

ಆ ಗಣರಾಜ್ಯ ಎಲ್ಲಿ ಹೋಯಿತು ಎಂದು ಜುಲೈನಲ್ಲಿ ತಮಾಷೆಗೆ ಕೇಳಿದಿರಿ. ಈಗ ಹೇಳುತ್ತೇನೆ, ತಮಾಷೆಯಿಲ್ಲದೆ.

ಡಚ್ಚರು ಸ್ಪೇನಿನ ರಾಜನನ್ನು ಬಿಟ್ಟುಹಾಕಿದರು, ಆದರೆ ರಾಜನ ಪರವಾಗಿ ಆಳುತ್ತಿದ್ದ ಅಧಿಪತಿಯ ಹುದ್ದೆಯನ್ನು ಉಳಿಸಿಕೊಂಡರು. ಯುದ್ಧಕಾಲಕ್ಕೆ ಒಬ್ಬ ಬೇಕಲ್ಲ ಎಂದುಕೊಂಡರು. ಆರೆಂಜ್ ಮನೆತನದವರು ಅದರಲ್ಲಿ ಕೂತರು, ಅಪ್ಪನಾದ ಮೇಲೆ ಮಗ. 1650ರಲ್ಲಿ ಹಾಗೆ ಕೂತವನೊಬ್ಬ ಸತ್ತಾಗ ಅವನ ಮಗ ಇನ್ನೂ ಹುಟ್ಟಿರಲಿಲ್ಲ. ಹಾಲಂಡ್ ಪ್ರಾಂತ್ಯದವರು ಇದೇ ಸಮಯ ಎಂದು ಹುದ್ದೆಯನ್ನು ಖಾಲಿ ಬಿಟ್ಟರು. ಯೋಹಾನ್ ಡಿ ವಿಟ್ ಎಂಬ ವಕೀಲ ಮುಂದೆ ನಿಂತು ನಡೆಸಿದ. ಇಪ್ಪತ್ತೆರಡು ವರ್ಷ ಅವರಿಗೆ ತಲೆಯ ಮೇಲೊಬ್ಬ ಇರಲಿಲ್ಲ. ಅದಕ್ಕೆ ಅವರು ಇಟ್ಟ ಹೆಸರು ‘ನಿಜವಾದ ಸ್ವಾತಂತ್ರ್ಯ’.

ನನಗೆ ಆಗ ಅರ್ಥವಾಗಿರಲಿಲ್ಲ, ಮೇಷ್ಟ್ರನ್ನು ಕೇಳಿದ್ದೆ: ಅಧಿಪತಿ ಒಳ್ಳೆಯವನಾಗಿದ್ದರೆ ಏನು ತೊಂದರೆ? ಅವರು ಹೇಳಿದರು: ಒಳ್ಳೆಯ ಯಜಮಾನನ ಆಳು ಏಟು ತಿನ್ನದೆ ಇರಬಹುದು, ಆದರೂ ಮುಖ ನೋಡಿಕೊಂಡೇ ಬದುಕಬೇಕು; ಇವತ್ತು ನಗುತ್ತಿದ್ದಾನೋ, ನಾಳೆ ನಗುತ್ತಾನೋ ಎಂದು. ಹಾಗೆ ಇನ್ನೊಬ್ಬನ ಮುಖ ನೋಡಬೇಕಾಗಿಲ್ಲ ಎಂದಾಗ ಮಾತ್ರ ಸ್ವತಂತ್ರ. ಇದು ನನಗೆ ತಿಳಿದದ್ದು ಹೇಗ್‌ನಲ್ಲಿ ಅಲ್ಲ, ನಿಮ್ಮ ಮನೆಯಲ್ಲಿ, ಫ್ಯಾನಿನ ಸ್ವಿಚ್ ಮುಂದೆ.

1672ರಲ್ಲಿ ಅವರ ಮೇಲೆ ಎಲ್ಲ ಕಡೆಯಿಂದ ಸೈನ್ಯ ಬಂತು. ಶತ್ರುವನ್ನು ತಡೆಯಲು ತಮ್ಮ ಹೊಲಗಳಿಗೆ ತಾವೇ ನೀರು ಬಿಟ್ಟರು. ಅಪ್ಪ ಸತ್ತ ಮೇಲೆ ಹುಟ್ಟಿದ ಆ ಮಗ ಅಷ್ಟರಲ್ಲಿ ಬೆಳೆದಿದ್ದ; ಹೆದರಿದ ಜನ ಆ ರಾಜಕುಮಾರನೇ ಬೇಕು ಎಂದು ಕೂಗಿದರು. ಆ ಆಗಸ್ಟಿನಲ್ಲಿ ಡಿ ವಿಟ್‌ನನ್ನೂ ಅವನ ಅಣ್ಣನನ್ನೂ ಸೆರೆಮನೆಯ ಬಾಗಿಲಿಂದ ಎಳೆದು ಬೀದಿಯಲ್ಲಿ ಕೊಂದರು. ಮೇಷ್ಟ್ರು ಆ ಜಾಗ ತೋರಿಸಿದ್ದರು, ಪಕ್ಕದಲ್ಲೇ ಟ್ರಾಮ್ ಓಡುತ್ತದೆ. ಆಮೇಲೆ ಆ ಹುದ್ದೆ ವಂಶದ ಸ್ವತ್ತಾಯಿತು, ಕೊನೆಗೆ ಸಿಂಹಾಸನವಾಯಿತು. ನೆರೆಯ ಕಾಲದಲ್ಲಿ ಕೊಟ್ಟದ್ದನ್ನು ನೀರು ಇಳಿದ ಮೇಲೆ ವಾಪಸ್ ಪಡೆಯಲು ಆಗಲಿಲ್ಲ.

ನೀವು ಯಾರ ಕೂದಲನ್ನೂ ಕೊಂಕಿಸುವವರಲ್ಲ. ನನ್ನ ಕಷ್ಟವೇ ಅದು. ನೀವು ಕೆಟ್ಟವರಾಗಿದ್ದರೆ ನನಗೆ ಎಷ್ಟು ಸುಲಭವಿತ್ತು! ದೋಣಿ ತರಲು ನೀವು ಅಧ್ಯಕ್ಷರಾಗಬೇಕಿರಲಿಲ್ಲ, ಗೆಳೆಯರಾಗಿದ್ದರೆ ಸಾಕಿತ್ತು, ಆಗಿದ್ದಿರಿ. ಸರದಿಯಲ್ಲಿ ಒಂದು ವರ್ಷ ಅಧ್ಯಕ್ಷರಾಗಿ, ಮೊದಲ ಚಪ್ಪಾಳೆ ನನ್ನದು. ಆಜೀವ ಎನ್ನುವುದು ಬೇಡ.

ಶ್ರೀನಾಥ


ಡಲ್ಲಾಸ್
15 ಡಿಸೆಂಬರ್ 2017

ಶ್ರೀನಾಥರಿಗೆ,

ನಿಮ್ಮ ಈ ಕಾಗದವನ್ನು ಸುಮಿತ್ರಾಗೆ ಓದಿ ಹೇಳಲಿಲ್ಲ. ಹೇಳಿದ್ದರೆ ಅವಳು ರೊಟ್ಟಿ ಬಡಿದ ಕೈ ನೋಡಿಕೊಂಡು ಅಳುತ್ತಿದ್ದಳು.

ಫ್ಯಾನಿನ ಮಾತು ಅಕ್ಟೋಬರಿನಲ್ಲಿ ನನಗೆ ಅರ್ಥವಾಗಿರಲಿಲ್ಲ. ಈಗ ಆಯಿತು. ನಾನು ನಿಮ್ಮನ್ನು ಅಣ್ಣ ಎಂದುಕೊಂಡು ಮನೆಯಲ್ಲಿಟ್ಟುಕೊಂಡಿದ್ದೆ. ನೀವು ಆಳಾಗಿ ಇದ್ದಿರಿ ಎಂದು ತಿಳಿದಿರಲಿಲ್ಲ.

ನಿಮ್ಮ ಡಿ ವಿಟ್ ಯಾರು ನೋಡು ಎಂದು ಶ್ರೀಶೈಲನಿಗೆ ಹೇಳಿದೆ. ಓದಿ ಹೇಳಿದ. ಆ ಗಣರಾಜ್ಯದಲ್ಲಿ ಅಧಿಕಾರವೆಲ್ಲ ಊರಿನ ಕೆಲವೇ ದೊಡ್ಡ ಮನೆತನಗಳ ಒಳಗೆ ತಿರುಗುತ್ತಿತ್ತಂತೆ. ಪ್ರತಿನಿಧಿ ಊರಿಗೆ ಹೋಗಿ ಕೇಳುತ್ತಿದ್ದದ್ದು ಅವರನ್ನು ಮಾತ್ರವಂತೆ. ರೊಟ್ಟಿ ಸುಡುವವನನ್ನು, ಮೀನು ಮಾರುವವಳನ್ನು ಯಾರೂ ಕೇಳುತ್ತಿರಲಿಲ್ಲವಂತೆ. ರಾಜಕುಮಾರ ಬೇಕು ಎಂದು ಕೂಗಿದವರು ಅವರೇ ಅಂತೆ. ಇದನ್ನು ಯಾಕೆ ಬರೆಯಲಿಲ್ಲ ಶ್ರೀನಾಥ್?

ಕೂಟ ಕಟ್ಟಿದ ಮೂವರಲ್ಲಿ ನಾನೊಬ್ಬ. ಡಲ್ಲಾಸಿನ ಸರದಿ ಬಂದಾಗಲೆಲ್ಲ ಒಬ್ಬ ಡಾಕ್ಟರು, ಇಲ್ಲವೇ ಒಬ್ಬ ಎಂಜಿನಿಯರು. ನನ್ನ ಹೆಸರು ಬಂದರೆ, "ಸಿದ್ರಾಮಪ್ಪನವರು ಊಟ ನೋಡ್ಕೋತಾರೆ ಬಿಡಿ" ಎನ್ನುತ್ತಿದ್ದರು. ನಾನು ನೋಡಿಕೊಂಡೆ. ಆ ಮಾತನ್ನು ಒಮ್ಮೆ ನಿಮ್ಮ ಬಾಯಿಂದಲೂ ಕೇಳಿದ್ದೇನೆ, ನಿಮಗೆ ನೆನಪಿರಲಿಕ್ಕಿಲ್ಲ. ಅವತ್ತು ಬೆಂಡೆಕಾಯಿ ಹೆಚ್ಚುತ್ತಿದ್ದೆ, ನನಗೆ ನೆನಪಿದೆ. ಈಗ ಮಂದಿ ತಾವಾಗಿ ಎದ್ದು ನನ್ನ ಹೆಸರು ಕೂಗಿದಾಗ ನೀವು ಇತಿಹಾಸದ ಪುಸ್ತಕ ತೆಗೆಯುತ್ತೀರಿ.

ಕೇಳಿ ಬನ್ನಿ. ನಿಮ್ಮದೇ ನಿಯಮ. ಹ್ಯೂಸ್ಟನ್‌ನ ಯಾರಿಗೂ ನಾನು ಒಂದು ಫೋನ್ ಕೂಡ ಮಾಡುವುದಿಲ್ಲ.

ಸಿದ್ರಾಮಪ್ಪ


ಹ್ಯೂಸ್ಟನ್
14 ಜನವರಿ 2018

ಸಿದ್ರಾಮಪ್ಪನವರೇ,

ಬೆಂಡೆಕಾಯಿ ಹೆಚ್ಚುತ್ತಾ ನೀವು ಕೇಳಿದ ಆ ಮಾತನ್ನು ನಾನು ಆಡಿದ್ದೆ. ಅದು ನಿಜ. ಆದರೆ ಅದಕ್ಕೆ ಮದ್ದು ನಿಮ್ಮನ್ನು ಸರದಿಗೆ ಸೇರಿಸುವುದು, ಸರದಿಯನ್ನೇ ಕಿತ್ತುಹಾಕುವುದಲ್ಲ.

ಊರು ಕೇಳಿ ಬಂದೆ. ನೀವು ಫೋನ್ ಮಾಡಿಲ್ಲ ಎನ್ನುವುದು ಹೋದಲ್ಲೆಲ್ಲ ತಿಳಿಯಿತು. ಮಾಡುವ ಅಗತ್ಯವೂ ಇರಲಿಲ್ಲ. ಯಾವ ಮನೆಗೆ ಹೋದರೂ ಸೋಫಾದ ಮೇಲೆ ನಿಮ್ಮ ಹೋಟೆಲಿನ ನೀಲಿ ಹೊದಿಕೆ. ಪ್ರಹ್ಲಾದ್ ನನ್ನ ಜೊತೆ ಕೆಲಸ ಮಾಡಿದವರು, ನಿಯಮ ಬರೆಯುವಾಗ ಪಕ್ಕದಲ್ಲಿ ಕೂತು ಅಲ್ಪವಿರಾಮ ತಿದ್ದಿದವರು. ಅವರು ಬಾಗಿಲಲ್ಲೇ, "ನಿಮ್ಮ ರೂಲ್ಸ್ ಬುಕ್ ನನ್ನ ಮನೇಲೂ ಒಂದಿತ್ತು ಕಣ್ರೀ. ನೀರಲ್ಲಿ ತೇಲ್ಕೊಂಡು ಹೋಯ್ತು, ಹೋಗ್ಲಿ ಬಿಡಿ" ಎಂದರು. ತನ್ವಿ ಮಗುವಿಗೆ ತಿನ್ನಿಸುತ್ತಾ ಹೇಳಿದಳು: "ಅಂಕಲ್, ಯಾರೋ ಒಬ್ರು ಎಲ್ಲಾ ನೋಡ್ಕೋತೀನಿ ಅಂದ್ರೆ ನೋಡ್ಕೊಳ್ಲಿ. ನಮಗೆಲ್ಲಿ ಟೈಮ್ ಇದೆ? ನೀವು ಕೇಳೋಕೆ ಬರೋದೇ ನಮಗೆ ಸ್ಟ್ರೆಸ್." ಬೈದಿದ್ದರೆ ಸಹಿಸುತ್ತಿದ್ದೆ. ಪಾಪ, ಬಹಳ ಪ್ರೀತಿಯಿಂದ ಹೇಳಿದಳು.

ಕೊನೆಗೆ ನಮ್ಮ ಮನೆಯನ್ನೂ ಕೇಳಬೇಕಲ್ಲ. ಗೋದಾವರಿ, "ಅವರ ಮನೆ ಉಪ್ಪು ತಿಂದಿದೀವಿ. ನಾನು ಹೂಂ ಅಂತೀನಿ. ನಿಮ್ಮದು ನಿಮಗೆ" ಎಂದಳು. ನನ್ನದು ಬೇಡ ಎಂದು. ಆದರೆ ನನ್ನ ಮತವನ್ನು ಯಾರು ಕೇಳಿದರು? ಊರು ಹೇಳಿದ್ದನ್ನು ಬಿಟ್ಟು ಪ್ರತಿನಿಧಿ ತನ್ನದನ್ನು ಹೇಳುವಂತಿಲ್ಲ ಎಂದು ಬರೆದವನು ನಾನೇ. ಇಪ್ಪತ್ತು ವರ್ಷ ಎಲ್ಲರೂ ನಕ್ಕರೂ ಬಿಡದೆ ಕಾಯ್ದ ನಿಯಮವೇ ನನ್ನ ಕುತ್ತಿಗೆ ಹಿಡಿದಿದೆ. ಗಣರಾಜ್ಯೋತ್ಸವದ ದಿನ ವೇದಿಕೆ ಹತ್ತಿ ‘ಹ್ಯೂಸ್ಟನ್ ಒಪ್ಪಿದೆ’ ಎಂದು ನಾನೇ ಓದಬೇಕು.

ಇನ್ನು ಒಂದೇ ದಾರಿ. ನೀವು ಬೇಡ ಎನ್ನಿ. ಗಟ್ಟಿಯಾಗಿ ಬೇಡ ಎಂದರೆ ಎಲ್ಲ ಉಳಿಯುತ್ತದೆ. ಹೀಗೆ ಬರೆಯುವಾಗಲೇ ನಾನು ಸೋತಿದ್ದೇನೆ ಎಂದು ಗೊತ್ತಿದೆ. ನಿಮ್ಮ ಒಳ್ಳೆಯತನವನ್ನು ನಂಬಿ ಇರಬಾರದು ಎಂದು ವಾದಿಸಿದವನು ಈಗ ಅದನ್ನೇ ಬೇಡುತ್ತಿದ್ದೇನೆ. ಆದರೂ ಬೇಡುತ್ತೇನೆ. ಬೇಡ ಎನ್ನಿ.

ಶ್ರೀನಾಥ


ಡಲ್ಲಾಸ್
11 ಫೆಬ್ರವರಿ 2018

ಆತ್ಮೀಯ ಶ್ರೀನಾಥರಿಗೆ ಸಿದ್ರಾಮಪ್ಪನ ಶರಣು.

ನಿಮ್ಮ ಜನವರಿಯ ಕಾಗದ ತಲುಪಿತ್ತು. ಉತ್ತರ ಬರೆಯಲು ಆಗಲಿಲ್ಲ. ಕಾರ್ಯಕ್ರಮದ ಓಡಾಟ, ಶಾಮಿಯಾನ, ಊಟ, ಎಲ್ಲವೂ ನನ್ನ ತಲೆಯ ಮೇಲೇ ಇತ್ತು. ಊಟವನ್ನು ಬೇರೆಯವರಿಗೆ ವಹಿಸಿ ನೋಡಿದೆ, ಮನಸ್ಸು ತಡೆಯಲಿಲ್ಲ.

ನೀವು ಹ್ಯೂಸ್ಟನ್‌ನ ಮಾತನ್ನು ಎಷ್ಟು ಗಂಭೀರವಾಗಿ ಓದಿದಿರಿ! ಸುಮಿತ್ರಾ ಕಣ್ಣೊರೆಸಿಕೊಂಡಳು. ನಮ್ಮ ನಡುವೆ ಬಂದದ್ದೆಲ್ಲ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೇನೆ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ.

ಕೆಲವು ವಿಷಯ ತೀರ್ಮಾನಿಸಿದ್ದೇನೆ, ನಿಮಗೆ ಮೊದಲು ತಿಳಿಸಬೇಕೆನಿಸಿತು. ಊರು ಕೇಳಿ ಬರುವುದನ್ನು ನಿಲ್ಲಿಸಿದ್ದೇನೆ, ಆ ಮೊಣಕಾಲು ಇಟ್ಟುಕೊಂಡು ನೀವು ಮನೆ ಮನೆ ಹತ್ತಿಳಿದದ್ದು ಕೇಳಿ ಸಂಕಟವಾಯಿತು. ಶ್ರೀಶೈಲನಿಗೆ ಎನರ್ಜಿ ಕಾರಿಡಾರಿನಲ್ಲಿ ಕೆಲಸವಾಗಿ ಹ್ಯೂಸ್ಟನ್‌ಗೆ ಶಿಫ್ಟ್ ಆಗಿದ್ದಾನೆ. ಇನ್ನು ಅಲ್ಲಿಯದನ್ನು ಅವನೇ ನೋಡಿಕೊಳ್ಳುತ್ತಾನೆ, ನೀವು ವಿಶ್ರಾಂತಿ ತೆಗೆದುಕೊಳ್ಳಿ. ನಿಮ್ಮನ್ನು ಆಜೀವ ಗೌರವ ಸಲಹೆಗಾರ ಎಂದು ಮಾಡಿದ್ದೇನೆ. ಬೇಡ ಎನ್ನಬಾರದು.

ಶ್ರೀಶೈಲನ ಕೈಯಲ್ಲಿ ರೊಟ್ಟಿ, ಚಟ್ನಿಪುಡಿ ಕಳಿಸುತ್ತೇನೆ.

ಎಂದೆಂದೂ ನಿಮ್ಮವ,
ಸಿದ್ರಾಮಪ್ಪ


ಹ್ಯೂಸ್ಟನ್
11 ಮಾರ್ಚ್ 2018

ಸಿದ್ರಾಮಪ್ಪನವರೇ,

ನಮ್ಮ ಮನೆಗೆ ವಾಪಸ್ ಬಂದಿದ್ದೇವೆ. ಹೊಸ ಗೋಡೆ, ಹೊಸ ಬಣ್ಣ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ.

ಡಚ್ಚರ ಕಥೆಯಲ್ಲಿ ಒಂದು ತುಣುಕು ಹೇಳಿರಲಿಲ್ಲ. ರಾಜಕುಮಾರನನ್ನು ಒಪ್ಪುವ ಪತ್ರಕ್ಕೆ ಡಿ ವಿಟ್‌ನ ಅಣ್ಣನೂ ಸಹಿ ಹಾಕಬೇಕಾಯಿತು. ಅವನು ಕಾಯಿಲೆಯಿಂದ ಮಲಗಿದ್ದ, ಮನೆಯ ಮುಂದೆ ಗುಂಪು ಸೇರಿತ್ತು. ಸಹಿ ಹಾಕಿ ಪಕ್ಕದಲ್ಲಿ ಎರಡು ಅಕ್ಷರ ಬರೆದನಂತೆ. ಬಲವಂತಕ್ಕೆ ಹಾಕಿದ ಸಹಿ ಎಂದು ಅದರ ಅರ್ಥ. ಜನವರಿಯಲ್ಲಿ ನಿಮ್ಮ ವೇದಿಕೆಯ ಮೇಲೆ ಸಹಿ ಹಾಕುವಾಗ ನನ್ನ ಕೈಯೂ ಆ ಎರಡು ಅಕ್ಷರದ ಕಡೆ ಹೋಯಿತು. ಬರೆಯಲಿಲ್ಲ. ಬರೆದಿದ್ದರೆ ಸುಳ್ಳಾಗುತ್ತಿತ್ತು. ನನ್ನ ಬಾಗಿಲಿಗೆ ಯಾವ ಗುಂಪೂ ಬಂದಿರಲಿಲ್ಲ, ಬಂದದ್ದೆಲ್ಲ ರೊಟ್ಟಿಯ ಬುಟ್ಟಿ.

ನಿನ್ನೆಯೂ ಬಂತು. ಶ್ರೀಶೈಲ್ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. ಒಳ್ಳೆಯ ಹುಡುಗ, ನಿಮ್ಮ ಹಾಗೆಯೇ. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಅಂಕಲ್, ಅಪ್ಪಾಜಿ ಹೇಳ್ಯಾರ್ರಿ, ಯುಗಾದಿ ಪ್ರೋಗ್ರಾಮ್‌ನ್ಯಾಗ ನೀವು ಫೈವ್ ಮಿನಿಟ್ಸ್ ಮಾತಾಡಬಹುದಂತ. ನೋ ಪ್ರಾಬ್ಲಮ್ ಅಂದಾರ" ಎಂದ.

ನಾನು ಕಟ್ಟಿದ ಕೂಟದಲ್ಲಿ ಮಾತಾಡಲು ನನಗೆ ನೀವು ಅಪ್ಪಣೆ ಕೊಟ್ಟಿದ್ದೀರಿ. ಏನಾದರೂ ಹೇಳಬೇಕೆಂದು ಅವನ ಮುಖ ನೋಡಿದೆ. ನಗುತ್ತಿದ್ದ. ಅವನು ನಗುತ್ತಿದ್ದಾನೆ ಎಂದು ನನಗೆ ಸಮಾಧಾನವಾಯಿತು ಸಿದ್ರಾಮಪ್ಪ, ಅಷ್ಟರಲ್ಲಿ ನನ್ನ ಬಾಯಿ ‘ಥ್ಯಾಂಕ್ಸ್’ ಎಂದುಬಿಟ್ಟಿತ್ತು.

ನಿಮ್ಮ ದಯೆಯಲ್ಲಿ ಸುಖವಾಗಿರುವ,
ಶ್ರೀನಾಥ